ಸದ್ದು ಕೇಳಿ ಕೊಂಡ ಗಾಳಿ ಬಂದೂಕು

ಗಾಳಿ ಬಂದೂಕಿನ ನಳಿಕೆಯನ್ನು ಮಡಚಿ ಕೆಳಕ್ಕೆ ಎಳೆದಾಗ ಒಳಗೆ ಎಲ್ಲೋ ಒಂದು ಕೊಕ್ಕೆ ಕೂರುತ್ತದೆ. ಕೂತರೆ ‘ಟಕ್’ ಎನ್ನುತ್ತದೆ. ಆಮೇಲೆ ನಳಿಕೆ ಹಾಗೇ ಬಾಯಿ ತೆರೆದು ನಿಲ್ಲುತ್ತದೆ. ಗುಂಡು ಇಟ್ಟು ಮುಚ್ಚಬಹುದು. ಆ ಸದ್ದು ಸರಿಯಾಗಿ ಬರದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಹಿಂದೂಪುರದ ಅಂಗಡಿಯೊಂದರಲ್ಲಿ ಎದುರಿಗೆ ನಿಂತು ನೋಡಿದ್ದೇನೆ. ನೋಡಿದ್ದನ್ನು ನೋಡಿದ ಹಾಗೆಯೇ ಬರೆಯಲು ಕೂತಿದ್ದೇನೆ. ಮನಸ್ಸು ಈಗಲೂ ಕೆಲವು ಕಡೆ ಕಣ್ಣು ಮುಚ್ಚಿಕೊಂಡು ಮುಂದಕ್ಕೆ ದಾಟಲು ನೋಡುತ್ತದೆ. ಅಲ್ಲೆಲ್ಲ ನಿಧಾನಿಸುತ್ತೇನೆ.

ನನ್ನ ತವರು ಹಿಂದೂಪುರ, ಮದುವೆಯಾಗಿ ಹೋದದ್ದು ಕಲ್ಯಾಣದುರ್ಗಕ್ಕೆ. ಯುದ್ಧ ಮುಗಿದು, ಸೀಮೆಯ ಸಾಮಾನುಗಳು ಮತ್ತೆ ಅಂಗಡಿಗಳಿಗೆ ಬರತೊಡಗಿದ್ದ ಕಾಲ. ಗಂಡನ ಮನೆಯವರದು ಕಡಲೆಕಾಯಿ ಮಂಡಿ. ಮನೆಯ ಮುಂದೆ ಗದ್ದಿಗೆ ಹಾಸಿದ ಪಡಸಾಲೆ, ಹಿಂದೆ ಕಾಯಿ ಒಣಹಾಕುವ ದೊಡ್ಡ ಅಂಗಳ, ಅಂಗಳದ ಮೂಲೆಯಲ್ಲಿ ಸುಲಿದ ಹೊಟ್ಟಿನ ಗುಡ್ಡೆ.

ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು, ಬಲಗೈಗಳ ಮೇಲೆ ಟವಲು ಹೊದಿಸಿಕೊಂಡು, ಅದರಡಿಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿಯುತ್ತಿದ್ದರು. ಎಷ್ಟು ಬೆರಳು ಹಿಡಿದರು, ಯಾವ ಗೆಣ್ಣಿನಲ್ಲಿ ಒತ್ತಿದರು ಎಂಬುದೇ ಮಾತು. ಸುತ್ತ ಕೂತವರಿಗೆ ಟವಲು ಅಲುಗುವುದಷ್ಟೇ ಕಾಣುವುದು. ಮುಖದಲ್ಲಿ ಏನೂ ತೋರಿಸಬಾರದು. ಎಡಗೈ ಕೊಡುವ ಹಾಗಿಲ್ಲ. ಎಡಗೈ ಚಾಚಿದರೆ ಎದುರಿನವನು ಅಪಮಾನವೆಂದು ಎದ್ದು ಹೋಗುತ್ತಾನೆ. ವಯಸ್ಸಾಗಿ ನನ್ನ ಮಾವನ ಕೈ ನಡುಗಲು ಶುರುವಾಗಿತ್ತು. ನಡುಗುವ ಬೆರಳು ಏನು ಹೇಳಿತೆಂದು ಎದುರಿನವನಿಗೆ ತಿಳಿಯುವುದಿಲ್ಲ. ಆದ್ದರಿಂದ ಟವಲಿನ ಅಡಿಗೆ ಹೋಗುತ್ತಿದ್ದದ್ದು ನನ್ನ ಗಂಡನ ಬಲಗೈ ಒಂದೇ. ಅವರಿಗೆ ತಮ್ಮಂದಿರಿರಲಿಲ್ಲ. ಮಂಡಿ ನಿಂತಿದ್ದು ಆ ಬೆರಳುಗಳ ಮೇಲೆ.

ಮಾಲು ನೋಡುವುದೂ ಅದೇ ಬೆರಳುಗಳ ಕೆಲಸ. ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ ನಡುವಿನಿಂದ ಕಾಯಿ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒಡೆದು, ಬೀಜವನ್ನು ತೋರುಬೆರಳ ತುದಿಯಿಂದ ಉಜ್ಜಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಮೂಟೆಯ ಬಾಯಲ್ಲಿರುವ ಕಾಯನ್ನು ಅವರು ನೋಡುತ್ತಲೂ ಇರಲಿಲ್ಲ. ಮುಗ್ಗಿದ ಮೂಟೆ ಸಿಕ್ಕಿದರೆ ಮಂಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು: ಅದನ್ನು ಮತ್ತೆ ಹೊಲಿಯಬಾರದು. ಅಲ್ಲೇ ಹಿತ್ತಲಿಗೆ ಸುರಿದುಬಿಡಬೇಕು. ಹೊಲಿದರೆ ಅದು ಇನ್ನೊಂದು ಮಂಡಿಗೆ ಹೋಗುತ್ತದೆ, ಇನ್ನೊಬ್ಬರು ತಿನ್ನುತ್ತಾರೆ ಎನ್ನುತ್ತಿದ್ದರು ಮಾವ.

ಬಂದೂಕಿನ ಮಾತು ಬಂದದ್ದು ಕೋತಿಗಳಿಂದ. ಬೆಟ್ಟದ ಕಡೆಯಿಂದ ಬಂದ ಗುಂಪು ಅಂಗಳದ ಗೋಡೆಯ ಮೇಲೆ ಸಾಲಾಗಿ ಕೂರುತ್ತಿತ್ತು. ತಿಂದದ್ದಕ್ಕಿಂತ ಚೆಲ್ಲಿದ್ದು ಹೆಚ್ಚು. ಕಾವಲಿನ ಮುದುಕ ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆಯಿಂದ ಇಳಿಯುತ್ತಿದ್ದವು.

“ಪಟಾಕಿ ತಂದುಬುಡ್ಲಾ ಬುದ್ದಿ?” ಎಂದು ಅವನು ಕೇಳಿದ.

“ಹೊಟ್ಟಿನ ಗುಡ್ಡೆ ಕಾಣಕಿಲ್ವೇನ್ಲಾ ನಿನ್ ಕಣ್ಣಿಗೆ?” ಎಂದರು ಮಾವ. “ಒಂದು ಕಿಡಿ ಬಿದ್ರೆ ಕೋತಿ ಜೊತೆಗೆ ನೀನೂ ಬೆಟ್ಟ ಹತ್ತಬೇಕಾಯ್ತದೆ.”

ಬೆಂಕಿಯಿಲ್ಲದೆ ಸದ್ದು ಮಾಡುವ ಬಂದೂಕು ಹಿಂದೂಪುರದಲ್ಲಿ ಬಂದಿದೆ ಎಂದು ನಮ್ಮಪ್ಪ ಹೇಳಿಕಳಿಸಿದ್ದರು. ಮಾವ ಬಹಳ ಹೊತ್ತು ಒಪ್ಪಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಇರುವೆಗೂ ಹಿಟ್ಟು ಹಾಕುವವರು, ಕೋತಿಯೆಂದರೆ ಹನುಮಂತ. ಕೊನೆಗೆ, ಗುಂಡು ಮನೆಯೊಳಕ್ಕೆ ಬರಕೂಡದು, ಬರೀ ಸದ್ದಿಗೆ ಮಾತ್ರ ಎಂಬ ಮಾತಿನ ಮೇಲೆ ಒಪ್ಪಿದರು. ಹಬ್ಬಕ್ಕೆ ಮುಂಚೆ ನಾನು ತವರಿಗೆ ಹೊರಟಿದ್ದೆ, ಗಂಡ ಜೊತೆಗೆ ಬಂದರು.

ಅಂಗಡಿ ಸ್ಟೇಷನ್ನಿನ ರಸ್ತೆಯಲ್ಲಿತ್ತು. ಸೈಕಲ್ಲಿನ ಸಾಮಾನು, ಲಾಂದ್ರ, ಹೊಲಿಗೆ ಯಂತ್ರದ ಸೂಜಿ, ಎಲ್ಲ ಸಿಗುತ್ತಿತ್ತು. ಅಂಗಡಿಯವನು ನಮ್ಮಪ್ಪನಿಗೆ ಪರಿಚಯ, ಅವರೂ ಜೊತೆಗೆ ಬಂದಿದ್ದರು. ಮಾತು ಅರ್ಧ ತೆಲುಗು ಅರ್ಧ ಕನ್ನಡ. ಊರಿನ ಅಳಿಯ ಎಂದು ನನ್ನ ಗಂಡನನ್ನು ‘ಅಲ್ಲುಡುಗಾರು’ ಎಂದೇ ಕರೆಯುತ್ತಿದ್ದ. ನಾನು ಲಾಂದ್ರದ ಬುರುಡೆ ಆರಿಸುತ್ತ ಪಕ್ಕದಲ್ಲೇ ನಿಂತಿದ್ದೆ.

ಅಂಗಡಿಯಲ್ಲಿ ಎರಡು ಬಂದೂಕುಗಳಿದ್ದವು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಗ್ರೀಸು ಹಚ್ಚಿದ ಕಾಗದ ಸುತ್ತಿದ ಹಾಗೇ ಇತ್ತು. ಇನ್ನೊಂದು ಗೋಡೆಯ ಮೊಳೆಗೆ ತೂಗುತ್ತಿತ್ತು. ಎರಡೂ ಒಂದೇ ಮಾಲು, ಒಂದೇ ಹಡಗಿನಲ್ಲಿ ಬಂದವು ಎಂದ ಅಂಗಡಿಯವನು. ಗುಂಡು ಹಾಕಿ, ಹಿಂದಿನ ಗೋಡೆಗೆ ಒರಗಿಸಿದ್ದ ಹಲಗೆಗೆ ಹೊಡೆದು ತೋರಿಸುತ್ತೇನೆಂದು ಡಬ್ಬಿ ತೆಗೆದ.

“ಗುಂಡು ಬ್ಯಾಡ,” ಎಂದರು ನನ್ನ ಗಂಡ.

“ಗುರಿ ನೋಡೋದು ಬ್ಯಾಡ್ವಾ?”

“ಗುರಿ ಕಟ್ಕೊಂಡು ನಮಗೇನಾಗ್ಬೇಕು? ಯಾವ್ದು ಜೋರಾಗಿ ಸದ್ದು ಮಾಡ್ತದೆ, ಅದು ಹೇಳಿ.”

ಅಂಗಡಿಯವನು ನಕ್ಕ. “ಬಂದೂಕು ಕೊಳ್ಳಕ್ಕೆ ಬಂದೋರಾ, ತಮಟೆ ಕೊಳ್ಳಕ್ಕೆ ಬಂದೋರಾ?”

ಎರಡನ್ನೂ ಖಾಲಿಯಾಗಿಯೇ ಹೊಡೆದು ತೋರಿಸಿದ. ಪೆಟ್ಟಿಗೆಯದು ‘ಫಟ್’ ಎಂದು ಮೆತ್ತಗೆ ಅಂದಿತು. ಮೊಳೆಯದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಢಣ್ಣನೆ ಅಂದಿತು, ರಸ್ತೆಯಲ್ಲಿದ್ದ ಜಟಕಾದ ಕುದುರೆ ಕಿವಿ ನಿಮಿರಿಸಿತು. ಆ ಜೋರು ಸದ್ದು ಒಳಗಿನ ಸ್ಪ್ರಿಂಗು ತಡೆಯಿಲ್ಲದೆ ಹೋಗಿ ಬಡಿಯುವ ಸದ್ದು, ಖಾಲಿ ಹೊಡೆದಷ್ಟೂ ಒಳಗೆ ಸವೆಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊಳೆಯಲ್ಲಿದ್ದದ್ದನ್ನು ಬಂದ ಗಿರಾಕಿಗೆಲ್ಲ ಹಾಗೆ ಹೊಡೆದು ತೋರಿಸಿದ್ದರು ಎಂಬುದೂ ಆಮೇಲೆ ತಿಳಿದದ್ದು. ಗುಂಡು ಹಾರಿಸುವ ಮನೆಯವರಾಗಿದ್ದರೆ ಮೆತ್ತಗೆ ಅಂದದ್ದನ್ನು ಕೊಳ್ಳುತ್ತಿದ್ದರು. ನಾವು ಜೋರಾದದ್ದನ್ನು ಕೊಂಡೆವು.

ಕಟ್ಟಿಕೊಡುವ ಮುಂಚೆ ಒಂದು ಸಲ ಅದರ ನಳಿಕೆ ಎಳೆದಾಗ ಮಾತ್ರ ‘ಟಕ್’ ಬರಲಿಲ್ಲ. ‘ಟರ್’ ಎಂದು ಏನೋ ಜಾರಿತು. ಅಂಗಡಿಯವನ ಕೈ ನಳಿಕೆಯ ಮೇಲೇ ಬಿಗಿಯಾಗಿದ್ದರಿಂದ ಅದು ಅಲ್ಲಿಗೇ ನಿಂತಿತು.

“ಅದ್ಯಾಕೆ ಹಂಗಂತು?” ಎಂದರು ನಮ್ಮಪ್ಪ.

“ಕೊತ್ತದಿ ಕದಾ ಸ್ವಾಮಿ. ಹೊಸದು, ಬಿಗಿ ಇರ್ತದೆ. ಹೋಗ್ತಾ ಹೋಗ್ತಾ ಪಳಗ್ತದೆ,” ಎಂದ ಅಂಗಡಿಯವನು. ಮತ್ತೆ ಎಳೆದ, ‘ಟಕ್’ ಬಂತು. ಗೋಣಿಯಲ್ಲಿ ಸುತ್ತಿ ಕೊಟ್ಟ.

ಕಲ್ಯಾಣದುರ್ಗಕ್ಕೆ ಬಂದ ಮೇಲೆ ಆಯುಧಪೂಜೆಗೆ ತಕ್ಕಡಿ, ಮೂಟೆ ಚುಚ್ಚುವ ಕೊಳವೆ, ಗೋಣಿ ಹೊಲಿಯುವ ದಬ್ಬಳ, ಇವುಗಳ ಸಾಲಿನಲ್ಲಿ ಬಂದೂಕನ್ನೂ ಇಟ್ಟರು. ಮಾವ ತಮ್ಮ ನಡುಗುವ ಕೈಯಿಂದ ಅದರ ಮರದ ಹಿಡಿಯ ಮೇಲೆ ವಿಭೂತಿಯ ಪಟ್ಟೆ ಎಳೆದು ಕುಂಕುಮ ಇಟ್ಟರು. ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಮೊದಮೊದಲು ಕೋತಿಗಳು ಗೋಡೆ ಬಿಟ್ಟು ಓಡಿದವು. ಬರಬರುತ್ತ, ಸದ್ದಾದರೆ ಏನೂ ಬಂದು ತಾಕುವುದಿಲ್ಲ ಎಂದು ಕಂಡುಕೊಂಡವು. ಗುಂಪಿನ ದೊಡ್ಡ ಗಂಡು ಕೋತಿಯಂತೂ ಕದಲುವುದನ್ನೇ ಬಿಟ್ಟಿತು.

“ಅದು ಇನ್ನೊಂದು ಹೊಡೀಲಿ ಅಂತ ಕಾಯ್ತಾ ಕೂತದೆ ಬುದ್ದಿ,” ಎಂದ ಕಾವಲಿನವನು. “ಕೈ ಚಪ್ಪಾಳೆ ತಟ್ಟೋದೊಂದು ಬಾಕಿ.”

ಆ ದಿನಗಳಲ್ಲಿ ನಗು ಇತ್ತು. ಅದು ನಿಂತದ್ದು ಒಂದು ಮಧ್ಯಾಹ್ನ. ಕಾವಲಿನವನು ನಳಿಕೆ ಎಳೆದು ಮುಚ್ಚಿ, ಬಂದೂಕನ್ನು ಮೂಟೆಗೆ ಒರಗಿಸಿ ನೀರು ಕುಡಿಯಲು ಹೋಗಿದ್ದ. ಹತ್ತಿರ ಯಾರೂ ಇರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತು ಅದನ್ನೇ ನೋಡುತ್ತಿದ್ದೆ. ಅದು ತಾನಾಗಿ ಢಣ್ಣೆಂದು ಹಾರಿ ನೆಲಕ್ಕೆ ಬಿತ್ತು.

ಗಂಡ ಪಡಸಾಲೆಯಿಂದ ಎದ್ದು ಬಂದರು. ಎತ್ತಿಕೊಂಡು ನಳಿಕೆ ಎಳೆದರು. ‘ಟಕ್’ ಬಂತು. ಮುಚ್ಚಿದರು, ಹೊಡೆದರು. ಮತ್ತೆ ಎಳೆದರು. ಈ ಸಲ ಅಂಗಡಿಯಲ್ಲಿ ಕೇಳಿದ್ದ ಆ ‘ಟರ್’. ನಳಿಕೆ ಅವರ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ಸಿಡಿಯಿತು. ಗೆಣ್ಣಿನ ಚರ್ಮ ತರಚಿತು, ಅಷ್ಟೇ.

ಮಾವ ಮಗನ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಮಡಿಸಿ ಬಿಡಿಸಿ ನೋಡಿದರು.

“ಇದನ್ನ ಕೊಟ್ಟುಬಾ. ಬದ್ಲು ಕೊಡ್ಲಿ, ಕೊಡದೇ ಇರ್ಲಿ. ಮನೇಲಿ ಬ್ಯಾಡ.”

“ಪೆಟ್ಟಿಗೇಲಿರೋದು ಕೊಡಿ ಅಂತ ಕೇಳ್ತೀನಿ ಕಣಪ್ಪ.”

“ಏನಾರ ಕೇಳು. ಕೈ ಹುಷಾರು.”

ಪೆನುಕೊಂಡೆಯಲ್ಲಿ ಬಸ್ಸು ಬದಲಾಯಿಸಿ ಹಿಂದೂಪುರಕ್ಕೆ ಹೋದೆವು. ನಮ್ಮಪ್ಪನ ಪರಿಚಯದ ಅಂಗಡಿಯಾದ್ದರಿಂದ ನಾನೂ ಹೋಗಬೇಕಾಯಿತು, ಅಲ್ಲಿ ಅವರನ್ನೂ ಜೊತೆಗೆ ಕರೆದುಕೊಂಡೆವು. ದಾರಿಯುದ್ದಕ್ಕೂ ಬಂದೂಕನ್ನು ಅವರು ಕಾಲ ಬಳಿ ಮಲಗಿಸಿ, ನಳಿಕೆಯ ಮೇಲೆ ಚಪ್ಪಲಿ ಒತ್ತಿ ಹಿಡಿದಿದ್ದರು.

ಅಂಗಡಿಯವನು ಗೋಣಿ ಬಿಚ್ಚಿದವನೇ ಹಿಡಿಯ ಮೇಲಿನ ವಿಭೂತಿ ನೋಡಿದ.

“ಪೂಜೆ ಮಾಡ್ಬುಟ್ಟಿದೀರಲ್ಲ ಅಲ್ಲುಡುಗಾರು. ಪೂಜೆ ಆದ ಮಾಲು ವಾಪಸ್ ತಗಂಡ್ರೆ ಅಂಗಡಿಗೆ ಒಳ್ಳೇದಾಯ್ತದಾ? ನೀವೇ ವ್ಯಾಪಾರಸ್ಥರು, ನೀವೇ ಹೇಳಿ.”

“ವಿಭೂತಿ ಒರೆಸಿದ್ರೆ ಹೋಯ್ತದೆ. ಒಳಗಿನ ಕೊಕ್ಕೆ ಸರಿಯಿಲ್ಲ, ಅದು ನೋಡಿ.”

“ಏಂ ಲೇದು ಸ್ವಾಮಿ, ಏನೂ ಆಗಿಲ್ಲ. ಎಣ್ಣೆ ಬಿಟ್ರೆ ಸರಿಹೋಯ್ತದೆ.”

“ತಾನಾಗೇ ಹಾರ್ತದೆ ಕಣಯ್ಯ,” ಎಂದರು ನಮ್ಮಪ್ಪ. “ನನ್ ಮಗಳು ಕಣ್ಣಾರೆ ನೋಡವಳೆ.”

ಅಂಗಡಿಯವನು ನನ್ನ ಕಡೆ ನೋಡಿದ. ತಾನಾಗಿ ಹಾರಿತು, ಹತ್ತಿರ ಯಾರೂ ಇರಲಿಲ್ಲ ಎಂದು ನಾನು ಹೇಳಿದೆ. ಅವನು ಬಂದೂಕಿನ ಹಿಡಿಯನ್ನು ತೊಡೆಗೆ ಒತ್ತಿಕೊಂಡು ನಳಿಕೆ ಎಳೆದ. ‘ಟಕ್.’ ಕೈ ಬಿಟ್ಟು ತೋರಿಸಿದ, ನಳಿಕೆ ನಿಂತಿತ್ತು. ಮುಚ್ಚಿ ಹೊಡೆದ. ಮತ್ತೆ ಎಳೆದ, ಮತ್ತೆ ‘ಟಕ್’. ನಾವು ಕಾಯುತ್ತಿದ್ದ ಸದ್ದು ಬರಲೇ ಇಲ್ಲ. ಪಕ್ಕದ ಅಂಗಡಿಯಿಂದ ಒಬ್ಬಿಬ್ಬರು ಬಂದು ನಿಂತರು. ನನ್ನ ಗಂಡನ ಕುತ್ತಿಗೆ ಕೆಂಪಾಗಿತ್ತು. ಇಲ್ಲದ ದೋಷ ಹೇಳಿ ಬಳಸಿದ ಮಾಲು ತಿರುಗಿಸಲು ಬಂದವರು ಎಂದು ನಿಂತವರು ತಿಳಿಯುತ್ತಿದ್ದಾರೆಂದು ಅವರಿಗೆ ಅನ್ನಿಸಿರಬೇಕು. ಮೂಟೆಗಳ ಬಗ್ಗೆ ಹಾಗೆ ಹೇಳಿಕೊಂಡು ಬರುವವರನ್ನು ಅವರು ಮಂಡಿಯಲ್ಲಿ ಎಷ್ಟೋ ಸಲ ಕಂಡಿದ್ದರು.

“ಒಳಗೆ ಚರ್ಮದ ಬಿಲ್ಲೆ ಐತಲ್ಲ, ಅದು ಒಣಗಿ ಸವೆದದೆ,” ಎಂದರು. “ಸದ್ದೇ ಬೇರೆ ಆಗೈತೆ.”

“ಎಲ್ಲಿ ಒಣಗೈತೆ?” ಅಂಗಡಿಯವನು ಬಾಯಿ ತೆರೆದ ಬಂದೂಕನ್ನು ಅವರ ಮುಂದಕ್ಕೆ ಹಿಡಿದ. “ಮೂಟೆ ಮುಟ್ಟಿ ಮಾಲು ಹೇಳೋರು ನೀವು. ಮುಟ್ಟಿ ಹೇಳಿ ನೋಡನ.”

ಆ ಮಾತು ಹೇಳಿದಾಗ ಎಲ್ಲರೂ ಎಲ್ಲೆಲ್ಲಿ ನಿಂತಿದ್ದರೆಂದು ನನಗೆ ನೆನಪಿದೆ. ಅಂಗಡಿಯವನು ವ್ಯಾಪಾರದ ಹಲಗೆಯ ಆಚೆ, ಎಡಗೈ ಹಿಡಿಯ ಮೇಲೆ, ಬಲಗೈಯಲ್ಲಿ ಎಣ್ಣೆಯ ಡಬ್ಬಿ. ನಳಿಕೆಯನ್ನು ಯಾರೂ ಹಿಡಿದಿರಲಿಲ್ಲ. ನನ್ನ ಗಂಡ ಈಚೆ. ನಮ್ಮಪ್ಪ ಅವರ ಬಲಕ್ಕೆ. ನಾನು ನಮ್ಮಪ್ಪನ ಹಿಂದೆ, ಆದರೆ ಮಧ್ಯದಲ್ಲಿ ಏನೂ ಅಡ್ಡವಿರಲಿಲ್ಲ. ಗಂಡನ ತೋರುಬೆರಳು ತೆರೆದ ಬಾಯಿಯೊಳಕ್ಕೆ ಹೋಯಿತು. ಮಧ್ಯದ ಬೆರಳು ಅಂಚಿನ ಮೇಲಿತ್ತು. ಬೀಜ ಉಜ್ಜುವ ಹಾಗೆಯೇ ಆ ಚರ್ಮವನ್ನು ಉಜ್ಜಿದರು. ಏನೋ ಗೊತ್ತಾದಾಗ ಅವರು ತಲೆಯನ್ನು ಸ್ವಲ್ಪ ಓರೆ ಮಾಡುತ್ತಿದ್ದರು. ಹಾಗೆ ಓರೆ ಮಾಡಿದರು.

“ಬೆರಳು ತೆಗಿಯಪ್ಪ ಮೊದ್ಲು,” ಎಂದರು ನಮ್ಮಪ್ಪ.

ಆ ಮಾತು ಮುಗಿದಿತ್ತೋ ಇಲ್ಲವೋ ಹೇಳಲಾರೆ. ‘ಟರ್’ ಎಂದಿತು. ನಳಿಕೆ ಮೇಲೆದ್ದದ್ದು ನನಗೆ ಕಾಣಲಿಲ್ಲ, ಮುಚ್ಚಿಕೊಂಡಿದ್ದು ಕಂಡಿತು. ಢಣ್ಣೆನ್ನುವ ಸದ್ದು ಬರಲಿಲ್ಲ. ಒದ್ದೆ ಕಟ್ಟಿಗೆ ಮುರಿದಂಥ ಸದ್ದು ಬಂತು.

ಅವರು ಕಿರುಚಲಿಲ್ಲ. ಮುಖದಲ್ಲಿ ಏನೂ ತೋರಲಿಲ್ಲ. ಟವಲಿನ ಅಡಿಯಲ್ಲಿ ಕೈಯಿದ್ದಾಗ ಇರುವ ಮುಖವೇ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಅಂಗಡಿಯವನು ಡಬ್ಬಿ ಕೈಬಿಟ್ಟ. ಎಣ್ಣೆ ಹಲಗೆಯ ಮೇಲೆ ಹರಿಯಿತು. ನಳಿಕೆ ಮತ್ತೆ ಎಳೆಯದೆ ಬೆರಳು ಬಿಡುವುದಿಲ್ಲ. ಎಳೆಯಲು ಹೋದವನ ಕೈ ಎಣ್ಣೆಗೆ ಜಾರಿತು. ನಮ್ಮಪ್ಪ ಹಲಗೆಯ ಮೇಲೆ ಬಗ್ಗಿದರು, ಇಬ್ಬರೂ ಸೇರಿ ಎಳೆದರು. ಅಷ್ಟು ಹೊತ್ತೂ ಗಂಡ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಿದ್ದರು. ನಾನು ಹತ್ತಿರ ಹೋದದ್ದು ಯಾವಾಗ ಎಂಬುದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ತೋರುಬೆರಳ ತುದಿಯನ್ನು ಮೊದಲ ಗೆಣ್ಣಿಗೆ ತೆಗೆದರು. ಮಧ್ಯದ ಬೆರಳು ಉಳಿಯಬಹುದು, ಮಡಿಸಲು ಬರುತ್ತದೋ ಇಲ್ಲವೋ ಈಗ ಹೇಳಲಾಗದು ಎಂದರು. ನಾವು ಹೊರಗಿನ ಜಗಲಿಯಲ್ಲಿ ಕೂತಿದ್ದೆವು. ಅಂಗಡಿಯವನು ಬಂದ. ಒಂದು ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಗೋಣಿ ಸುತ್ತಿದ ಬಂದೂಕು.

“ಇದು ತಗಳಿ ಅಲ್ಲುಡುಗಾರು. ಹೊಸದು, ನಿಮಗೆ ತೋರಿಸಿದ್ದು ಬಿಟ್ರೆ ಕೈ ಕೂಡ ಹಾಕಿಲ್ಲ. ಅದನ್ನ ಬಿಟ್ಟೋಗಿ.”

ಬಂದ ಕೆಲಸ ಆಗಿತ್ತು. ನಮ್ಮಪ್ಪ ಪೆಟ್ಟಿಗೆಗೆ ಕೈ ಚಾಚಿದರು. ನನ್ನ ಗಂಡ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡೇ ಕೇಳಿದರು: “ಬಿಟ್ಟೋದ್ರೆ ಅದನ್ನ ಏನ್ ಮಾಡ್ತೀರಿ?”

“ರಿಪೇರಿ ಮಾಡಿಸ್ತೀನಿ.”

“ಮಾಡಿಸಿ?”

ಅವನು ಕಂಕುಳಲ್ಲಿದ್ದ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟ.

“ಮತ್ತೆ ಅದೇ ಮೊಳೆಗೆ ತೂಗಾಕ್ತೀರಿ. ಚಿಲಮತ್ತೂರಿಂದ ಯಾರೋ ಬತ್ತಾನೆ. ಅವ್ನಿಗೂ ಹತ್ತು ಬೆರಳು ಇರ್ತವೆ.” ಗಂಡ ಗೋಣಿಯನ್ನು ಎಡಗೈಯಿಂದ ಎಳೆದುಕೊಂಡು, “ನಿಮ್ ಪೆಟ್ಟಿಗೆ ನಮಗೆ ಬ್ಯಾಡ. ಅದು ನಮ್ದು. ತಗೊಂಡೋಯ್ತೀವಿ,” ಎಂದರು.

“ಕೊಟ್ಟು ಬರಬೇಕು ಅಂತ ಬಂದು ಹೊತ್ಕೊಂಡು ಹೋಗೋದಾ?” ಎಂದರು ನಮ್ಮಪ್ಪ.

“ನಮ್ ಮಂಡೀಲಿ ಮುಗ್ಗಿದ ಮೂಟೆ ಮತ್ತೆ ಹೊಲಿಯಕಿಲ್ಲ ಮಾವ.”

ಊರಿಗೆ ಬಂದಾಗ ಮಾವ ಮೊದಲು ಬಂದೂಕನ್ನು ನೋಡಿದರು, ಆಮೇಲೆ ಕೈಯನ್ನು. ಒದ್ದೆ ಬಟ್ಟೆ ತರಿಸಿ, ಹಿಡಿಯ ಮೇಲಿನ ವಿಭೂತಿ ಕುಂಕುಮವನ್ನು ತಾವೇ ಒರೆಸಿ, ಆ ಬಟ್ಟೆಯನ್ನು ಗಿಡದ ಬುಡಕ್ಕೆ ಹಾಕಿದರು. ನಂತರ ಅದನ್ನು ಕುಲುಮೆಗೆ ಕಳಿಸಿ, ನಳಿಕೆಯನ್ನು ಕಾಯಿಸಿ ಬಾಗಿಸಿ, ಸ್ಪ್ರಿಂಗನ್ನು ಬೇರೆ ಮಾಡಿ ತುಂಡರಿಸಲು ಹೇಳಿದರು. ಕಾವಲಿನವನು ಕೊನೆಯವರೆಗೂ ಅಲ್ಲೇ ನಿಂತು ನೋಡಿ ಬಂದ. ಕೋತಿಗಳಿಗೆ ಮತ್ತೆ ಕೋಲೇ ಗತಿಯಾಯಿತು.

ಕಟ್ಟು ಬಿಚ್ಚುವವರೆಗೆ ಮಂಡಿಯಲ್ಲಿ ಟವಲು ಮಡಿಸಿಟ್ಟ ಹಾಗೇ ಇತ್ತು. ಬಂದವರು ಕಾಯಿ ನೋಡಿ, ಕೈ ನೋಡಿ, ಆಮೇಲೆ ಬರುತ್ತೇವೆಂದು ಹೋಗುತ್ತಿದ್ದರು. ಮಾವ ಒಂದು ದಿನ ತಾವೇ ಟವಲಿನಡಿ ಕೈ ಇಟ್ಟು ನೋಡಿದರು. ಎದುರಿನವನು ಮರ್ಯಾದೆಗೆ ಬಹಳ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ತಲೆಯಲ್ಲಾಡಿಸಿ ಕೈ ತೆಗೆದ. ಗಂಡ ದಿನವೂ ಬಿಸಿ ಎಣ್ಣೆ ಹಚ್ಚಿ ಮಧ್ಯದ ಬೆರಳನ್ನು ಇನ್ನೊಂದು ಕೈಯಿಂದ ಮಡಿಸುತ್ತಿದ್ದರು. ಅದು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಹೋಗಿ ಹಿಡಿದರೆ ಬೇಡವೆನ್ನುತ್ತಿರಲಿಲ್ಲ. ನೋಯುತ್ತದೆ ಎಂದೂ ಹೇಳುತ್ತಿರಲಿಲ್ಲ.

ಹೊಸ ಕಾಯಿ ಬರುವ ಹೊತ್ತಿಗೆ ಬೆಳುಗುಪ್ಪದ ಕಡೆಯ ಒಬ್ಬ ಹಳೆಯ ವ್ಯಾಪಾರಿ ಬಂದ. ಮಾವನ ಕಾಲದಿಂದ ಬರುತ್ತಿದ್ದವನು, ಪ್ರತಿ ಸಲವೂ ಜಗಳವಾಡಿಯೇ ಹೋಗುವವನು. ಗದ್ದಿಗೆಯ ಮೇಲೆ ಕೂತು ತನ್ನ ಬಲಗೈ ಮುಂದಿಟ್ಟ. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಮಾವ ಗೋಡೆಗೆ ಒರಗಿ ಬೇರೆಲ್ಲೋ ನೋಡುತ್ತಿದ್ದರು. ಗಂಡ ಬಲಗೈ ಚಾಚಿದರು. ತುದಿಯಿಲ್ಲದ ಬೆರಳು ಎಲ್ಲರಿಗೂ ಒಂದು ಕ್ಷಣ ಕಂಡಿತು. ಟವಲು ಮುಚ್ಚಿತು.

ಟವಲು ಅಲುಗಲಿಲ್ಲ. ವ್ಯಾಪಾರಿ ಕೈ ಹಿಡಿದಿದ್ದ, ಆದರೆ ಒತ್ತುತ್ತಿರಲಿಲ್ಲ. ಅವನ ಮುಖದಲ್ಲಿ ಏನೋ ತೋರಿಬಿಟ್ಟಿತು.

“ನೋಯ್ತದಾ?” ಎಂದ ಮೆಲ್ಲಗೆ. ಟವಲಿನ ಅಡಿಯಲ್ಲಿ ಕೈಯಿರುವಾಗ ಯಾರೂ ಮಾತಾಡಬಾರದು.

“ಬೆಲೆ ಹೇಳಕ್ಕೆ ಬಂದಿದ್ಯೋ, ಗಾಯ ನೋಡಕ್ಕೆ ಬಂದಿದ್ಯೋ? ಗಟ್ಟಿ ಹಿಡಿ,” ಎಂದರು ನನ್ನ ಗಂಡ.

ಟವಲು ಅಲುಗಿತು. ನಿಂತಿತು. ಮತ್ತೆ ಅಲುಗಿತು. ಗಂಡನ ಕುತ್ತಿಗೆಯ ನರ ಬಿಗಿದದ್ದು ನನಗೆ ಕಾಣುತ್ತಿತ್ತು, ಮುಖ ಮಾತ್ರ ಹಾಗೇ ಇತ್ತು. ಅವರು ಏನು ಹೇಳಿದರೋ, ಮಡಿಯದ ಬೆರಳಿನಿಂದ ಹೇಗೆ ಹೇಳಿದರೋ. ವ್ಯಾಪಾರಿ ಇದ್ದಕ್ಕಿದ್ದಂತೆ ಕೈ ಕಿತ್ತುಕೊಂಡು ಎದ್ದ.

“ಯಜಮಾನ್ರೇ, ನಿಮ್ ಮಗ ಬೆರಳು ಕಳ್ಕಂಡ್ರೂ ಜಿಗುಟುತನ ಕಳ್ಕಂಡಿಲ್ಲ ಕಣಪ್ಪ. ಈ ಬೆಲೆಗೆ ನಾನು ತಗಂಡ್ರೆ ಮನೇಗೆ ಹೋಗಂಗಿಲ್ಲ,” ಎಂದು ಮಾವನಿಗೆ ಹೇಳಿ ಮೆಟ್ಟಿಲಿಳಿದ.

ಮಾವ ಮೊದಲ ಸಲ ಈ ಕಡೆ ತಿರುಗಿದರು. ವ್ಯಾಪಾರಿ ಪ್ರತಿ ಸಲವೂ ಹಾಗೆಯೇ ಮೆಟ್ಟಿಲಿಳಿಯುತ್ತಿದ್ದ, ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗುತ್ತಿದ್ದ. ಗಂಡ ಟವಲನ್ನು ಮಡಿಸಲಿಲ್ಲ. ಕೈಯ ಮೇಲೆ ಹಾಗೇ ಹೊದ್ದುಕೊಂಡು ಕೂತು ಬೀದಿಯ ಕಡೆ ನೋಡುತ್ತಿದ್ದರು. ನಾನು ನೀರಿನ ಚೊಂಬು ತಂದಿಟ್ಟೆ.

ತಿರುವಿನಲ್ಲಿ ಅವನು ಈ ಕಡೆಗೆ ಬರುತ್ತ ಕಾಣಿಸಿಕೊಂಡ.